ವಲಸೆ ಹೋದ ಇಟಲಿಯವರ ಮನೆಮಾತು ಮೊಮ್ಮಕ್ಕಳವರೆಗೆ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಯಾರ್ಕ್, ಬ್ಯೂನಸ್ ಐರಿಸ್, ಟೊರಾಂಟೊ, ಮೆಲ್ಬರ್ನ್. ಈ ಯಾವ ಊರಿಗೆ ಹೋದರೂ ಇಟಲಿ ಮೂಲದವರು ಧಾರಾಳವಾಗಿ ಸಿಗುತ್ತಾರೆ. ಅವರಲ್ಲಿ ಇಟಾಲಿಯನ್ ಮಾತಾಡುವವರನ್ನು ಹುಡುಕಿ ನೋಡಿ, ಕಷ್ಟವಾಗುತ್ತದೆ. ಮೆಲ್ಬರ್ನ್‌ನ ಉತ್ತರದ ಬಡಾವಣೆಯೊಂದರಲ್ಲಿ ಮನೆ ಮಾಡಿದ ಮೇಲೆ ಅಕ್ಕಪಕ್ಕದವರನ್ನು ನೋಡಿ ನನಗೂ ಈ ಕುತೂಹಲ ಹತ್ತಿತು. ಊರಿನ ಗೆಳೆಯರು, ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ. ಎರಡನೆಯದನ್ನು ಮಾತ್ರ ಬಿಡಬೇಡಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಇಟಲಿ ಬಿಟ್ಟು ಹೋದವರು ಎಷ್ಟು ಜನ? ಎಲ್ಲಿಗೆ ಹೋದರು?

1876ರಿಂದ 1976ರವರೆಗಿನ ನೂರು ವರ್ಷದಲ್ಲಿ ಸುಮಾರು 2.6 ಕೋಟಿ ಜನ ಇಟಲಿ ಬಿಟ್ಟರು. ಎಷ್ಟೋ ಜನ ವಾಪಸ್ಸೂ ಬಂದರು, ಅದು ಬೇರೆ ಮಾತು. ದೊಡ್ಡ ಅಲೆಗಳು ಎರಡು. ಮೊದಲನೆಯದು ಒಂದನೇ ಮಹಾಯುದ್ಧಕ್ಕೆ ಮುಂಚೆ. ಆಗ ಜನ ಹೋದದ್ದು ಬ್ರೆಜಿಲ್, ಅರ್ಜೆಂಟೀನಾ ಮತ್ತು ಅಮೆರಿಕಕ್ಕೆ. 1880ರಿಂದ 1920ರ ಒಳಗೆ ಅಮೆರಿಕ ಒಂದಕ್ಕೇ 40 ಲಕ್ಷಕ್ಕೂ ಜಾಸ್ತಿ ಜನ ಹೋದರು. ಎರಡನೆಯ ಅಲೆ 1945ರ ನಂತರ ಎದ್ದದ್ದು: ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿ ಇಟ್ಟಿಗೆ ಕಾರ್ಖಾನೆಗೆಂದೇ ದಕ್ಷಿಣ ಇಟಲಿಯ ಹಳ್ಳಿಗಳಿಂದ ಜನರನ್ನು ಕರೆಸಿಕೊಂಡರು.

ಬ್ರೆಜಿಲ್‌ಗೆ ಹೋದವರು ಹೆಚ್ಚಾಗಿ ಉತ್ತರದವರು. ಅಮೆರಿಕಕ್ಕೆ ಹೋದವರಲ್ಲಿ ಬಹುಪಾಲು ದಕ್ಷಿಣದವರು: ಸಿಸಿಲಿ, ಕಲಾಬ್ರಿಯಾ, ನೇಪಲ್ಸ್ ಸುತ್ತಮುತ್ತಲಿನವರು. ಈ ಉತ್ತರ ದಕ್ಷಿಣದ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಅವರೆಲ್ಲ ಮನೆಯಲ್ಲಿ ಇಟಾಲಿಯನ್ ಮಾತಾಡುತ್ತಿದ್ದರು ಅಲ್ವಾ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ.

ಇಟಲಿ ಒಂದು ದೇಶವಾಗಿದ್ದು 1861ರಲ್ಲಿ. ಆಗ ಆ ಹೊಸ ದೇಶದಲ್ಲಿ ಇಟಾಲಿಯನ್ ಬರುತ್ತಿದ್ದವರು ನೂರಕ್ಕೆ ಎರಡೂವರೆ ಮಂದಿ ಎಂದು ತುಲ್ಲಿಯೊ ದೆ ಮೌರೊ ಎಂಬ ಭಾಷಾತಜ್ಞ ಲೆಕ್ಕ ಹಾಕಿದ್ದರು. ಅದು ತೀರಾ ಕಡಿಮೆಯಾಯಿತು, ನೂರಕ್ಕೆ ಹತ್ತರಷ್ಟಾದರೂ ಇರಬೇಕು ಎಂದು ಅರಿಗೊ ಕಾಸ್ತೆಲ್ಲಾನಿ ಆಮೇಲೆ ವಾದಿಸಿದರು. ಹತ್ತು ಅಂತಲೇ ಇಟ್ಟುಕೊಳ್ಳಿ. ಉಳಿದ ತೊಂಬತ್ತು ಜನರ ಬಾಯಲ್ಲಿ ಇದ್ದದ್ದು ಅವರವರ ಊರಿನ ನುಡಿ. ನಾವು ಇವತ್ತು ಇಟಾಲಿಯನ್ ಎನ್ನುವುದು ಫ್ಲಾರೆನ್ಸ್ ಕಡೆಯ ನುಡಿಯಿಂದ ಬೆಳೆದು ಪುಸ್ತಕದ ಮೂಲಕ ಹರಡಿದ ಭಾಷೆ. ಸಿಸಿಲಿಯ ಗೇಣಿ ರೈತನಿಗೆ ಅದು ಪಾದ್ರಿಯ, ವಕೀಲನ, ತೆರಿಗೆ ಅಧಿಕಾರಿಯ ಭಾಷೆ.

ಈ ನುಡಿಗಳನ್ನು ಉಪಭಾಷೆ ಎಂದು ಕರೆಯುವುದು ರೂಢಿ. ಆದರೆ ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವ ಅಂತರ ಅಂದುಕೊಳ್ಳಬೇಡಿ. ತುಳುವಿಗೂ ಕನ್ನಡಕ್ಕೂ ಇರುವಂಥ ನೆಂಟಸ್ತನ ಅಂದುಕೊಂಡರೆ ಹತ್ತಿರ ಬರುತ್ತೀರಿ. ಹುಡುಗ ಎನ್ನಲು ಇಟಾಲಿಯನ್‌ನಲ್ಲಿ ರಗಾಟ್ಸೊ, ನೇಪಲ್ಸ್‌ನಲ್ಲಿ ಗ್ವಾಲ್ಯೋನೆ, ಸಿಸಿಲಿಯಲ್ಲಿ ಪಿಚ್ಚೊತ್ತು. ನ್ಯೂಯಾರ್ಕ್‌ನ ಲಿಟ್ಲ್ ಇಟಲಿಯಲ್ಲಿ ಮಲ್ಬೆರಿ ಸ್ಟ್ರೀಟ್ ನೇಪಲ್ಸ್ ಕಡೆಯವರದು, ಅದರಾಚೆಯ ಎಲಿಜಬೆತ್ ಸ್ಟ್ರೀಟ್ ಸಿಸಿಲಿಯವರದು. ಎರಡು ಹೆಜ್ಜೆ ಆಚೆ ಹೋದರೆ ಬೇರೆ ಮಾತು. ಬೇರೆ ಬೇರೆ ಕಡೆಯವರು ಮದುವೆಯಾದರೆ ಆ ಮನೆಯಲ್ಲಿ ಸುಲಭಕ್ಕೆ ಒದಗುವ ಭಾಷೆ ಯಾವುದು ಹೇಳಿ? ಇಂಗ್ಲಿಷ್.

ಹಾಗಾದರೆ ಮಕ್ಕಳಿಗೆ ದಾಟಿಸಿದ್ದು ಏನನ್ನು?

ತಮ್ಮ ಹಳ್ಳಿಯ ನುಡಿಯನ್ನು. ಅದೂ ಅರೆಮನಸ್ಸಿನಿಂದ. ಇದು ಒಳ್ಳೆಯ ಭಾಷೆಯಲ್ಲ, ಬರೆಯಲು ಬಾರದವರ ಭಾಷೆ ಎಂಬ ಮಾತನ್ನು ಅವರು ಇಟಲಿಯಲ್ಲೇ ಕೇಳಿಸಿಕೊಂಡು ಬಂದಿದ್ದರು. ಹಡಗು ಹತ್ತುವಾಗ ಆ ಕೀಳರಿಮೆಯೂ ಜೊತೆಗೆ ಬಂತು. ಆಮೇಲೆ ಶನಿವಾರದ ಇಟಾಲಿಯನ್ ಕ್ಲಾಸಿಗೆ ಹೋದ ಮಗು ಮನೆಯಲ್ಲಿ ಕಲಿತದ್ದನ್ನು ಹೇಳಿದರೆ ಟೀಚರ್ ತಿದ್ದುತ್ತಿದ್ದರು. ಮಗುವಿಗೆ ಅಲ್ಲಿಗೆ ಎರಡು ವಿಷಯ ಖಚಿತವಾಯಿತು: ಅಜ್ಜಿ ಮಾತಾಡುವುದು ತಪ್ಪು ಇಟಾಲಿಯನ್, ಸರಿಯಾದದ್ದು ನನಗೆ ಬರುವುದಿಲ್ಲ.

ಮೂರು ತಲೆಮಾರಿನ ಲೆಕ್ಕ ಅಂತಾರಲ್ಲ, ಅದೇನು?

ಅಮೆರಿಕದ ವಲಸಿಗರ ಭಾಷೆಗಳ ಬಗ್ಗೆ ಜಾಶುವಾ ಫಿಶ್‌ಮನ್ ಮತ್ತಿತರರು ಗುರುತಿಸಿದ ದಾರಿ ಇದು. ಮೊದಲ ತಲೆಮಾರು ಊರಿನ ಭಾಷೆಯಲ್ಲೇ ಬದುಕುತ್ತದೆ, ಹೊಸ ಭಾಷೆಯನ್ನು ಅಷ್ಟಿಷ್ಟು ಕಲಿಯುತ್ತದೆ. ಎರಡನೆಯದಕ್ಕೆ ಎರಡೂ ಬರುತ್ತವೆ. ಆದರೆ ತಮ್ಮ ಮಕ್ಕಳ ಜೊತೆ ಹೊಸ ಭಾಷೆಯಲ್ಲೇ ಮಾತಾಡುತ್ತದೆ. ಮೂರನೆಯದಕ್ಕೆ ಊಟದ, ಬೈಗುಳದ, ಮುದ್ದಿನ ಒಂದಿಷ್ಟು ಪದ ಉಳಿಯುತ್ತವೆ.

ಮನೆಯೊಳಗೆ ಇದು ನಡೆಯುವ ಬಗೆ ನೋಡಬೇಕು. ಮೊದಲ ಮಗು ಶಾಲೆಗೆ ಹೋಗುವವರೆಗೆ ಅಪ್ಪ ಅಮ್ಮನ ಮಾತು ಬಿಟ್ಟು ಬೇರೆ ಕೇಳಿರುವುದಿಲ್ಲ, ಹಾಗಾಗಿ ಚೆನ್ನಾಗಿ ಕಲಿಯುತ್ತದೆ. ಅದು ಶಾಲೆಯಿಂದ ಇಂಗ್ಲಿಷನ್ನು ಮನೆಗೆ ತರುತ್ತದೆ. ಎರಡನೆಯ ಮಗುವಿಗೆ ಆಡಲು ಸಿಗುವುದು ಇಂಗ್ಲಿಷ್ ಮಾತಾಡುವ ಅಕ್ಕ. ಕೊನೆಯ ಮಗುವಿನ ಹೊತ್ತಿಗೆ ಅಮ್ಮನೂ ಸೋತಿರುತ್ತಾಳೆ. ಒಂದೇ ಮನೆಯಲ್ಲಿ ದೊಡ್ಡವಳಿಗೆ ನಿರರ್ಗಳವಾಗಿ ಬಂದು, ಚಿಕ್ಕವನಿಗೆ ಬರೀ ಅರ್ಥವಾಗುವುದನ್ನು ಇಲ್ಲಿ ಎಷ್ಟು ಮನೆಗಳಲ್ಲಿ ಬೇಕಾದರೂ ನೋಡಬಹುದು.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದಲ್ಲಿ ಮನೆಯಲ್ಲಿ ಇಟಾಲಿಯನ್ ಮಾತಾಡುವವರು 1980ರಲ್ಲಿ ಸುಮಾರು 16 ಲಕ್ಷ. 2010ಕ್ಕೆ ಅದು 7.25 ಲಕ್ಷಕ್ಕೆ ಇಳಿಯಿತು. ಆಸ್ಟ್ರೇಲಿಯಾದಲ್ಲಿ 2001ರ ಜನಗಣತಿಯಲ್ಲಿ 3.5 ಲಕ್ಷ, 2021ರಲ್ಲಿ 2.28 ಲಕ್ಷ. ಅದೇ 2021ರಲ್ಲಿ ನಮ್ಮದು ಇಟಲಿ ಮೂಲ ಎಂದು ಬರೆಸಿದವರು 11 ಲಕ್ಷ! ಮೂಲ ಹೇಳಿಕೊಳ್ಳುವವರು ಹೆಚ್ಚುತ್ತಿದ್ದಾರೆ, ಮಾತಾಡುವವರು ಕಡಿಮೆಯಾಗುತ್ತಿದ್ದಾರೆ.

ಇನ್ನೊಂದು ಸಂಗತಿ ಇದೆ. ಜನಗಣತಿಯ ಫಾರ್ಮಿನಲ್ಲಿ ಕಲಾಬ್ರಿಯಾದ ಅಜ್ಜಿಯೂ ಇಟಾಲಿಯನ್ ಎಂದೇ ಬರೆಸುತ್ತಾಳೆ. ಈ ಲೆಕ್ಕದೊಳಗೆ ಹತ್ತಾರು ನುಡಿಗಳು ಒಟ್ಟಿಗೆ ಸೇರಿಕೊಂಡಿವೆ.

ಅಪ್ಪ ಅಮ್ಮಂದಿರೇ ಬೇಡ ಅಂದರಾ?

ಕೆಲವರು ಅಂದರು. ಆದರೆ ಅವರನ್ನು ಬೈಯುವ ಮೊದಲು ಅವರ ಸುತ್ತ ಏನಿತ್ತು ಅಂತ ನೋಡಬೇಕು.

ಲಿಯೊನಾರ್ಡ್ ಕೊವೆಲ್ಲೊ ಅವರ ಕಥೆ ಕೇಳಿ. ದಕ್ಷಿಣ ಇಟಲಿಯ ಅವಿಲ್ಯಾನೊ ಎಂಬ ಊರಿನಲ್ಲಿ 1887ರಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ನ್ಯೂಯಾರ್ಕ್‌ಗೆ ಬಂದವರು. ಮನೆಯ ಹೆಸರು ಕೊವಿಯೆಲ್ಲೊ. ಶಾಲೆಯಲ್ಲಿ ಟೀಚರ್ ಹೇಳಲು ಸುಲಭವಾಗಲಿ ಎಂದು ನಡುವಿನ ಒಂದು ಅಕ್ಷರ ತೆಗೆದರು. ಹುಡುಗನಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. ಅಪ್ಪ ಅಮ್ಮನ ಬಗ್ಗೆ ನಾಚಿಕೊಳ್ಳುವುದನ್ನು ಕಲಿಯುತ್ತಾ ನಾವು ಅಮೆರಿಕನ್ನರಾದೆವು ಎಂಬ ಅರ್ಥದ ಮಾತನ್ನು ಅವರು ದೊಡ್ಡವರಾದ ಮೇಲೆ ಬರೆದರು. ಸುಮ್ನೆ ಬರೆದು ಕೂರಲಿಲ್ಲ. ತಾವೇ ಮೇಷ್ಟ್ರಾದರು. ಫ್ರೆಂಚ್, ಸ್ಪ್ಯಾನಿಷ್‌ಗಳಿಗಿದ್ದ ಸ್ಥಾನ ನ್ಯೂಯಾರ್ಕ್‌ನ ಹೈಸ್ಕೂಲುಗಳಲ್ಲಿ ಇಟಾಲಿಯನ್‌ಗೂ ಸಿಗಬೇಕೆಂದು ಓಡಾಡಿದರು. 1922ರಲ್ಲಿ ಅದು ಸಿಕ್ಕಿತು. 1934ರಲ್ಲಿ ಈಸ್ಟ್ ಹಾರ್ಲೆಮ್‌ನ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು.

ಆಮೇಲೆ ಯುದ್ಧ ಬಂತು. 1941ರ ಡಿಸೆಂಬರಿನಲ್ಲಿ, ಅಮೆರಿಕದ ಪೌರತ್ವ ಪಡೆಯದೆ ಉಳಿದಿದ್ದ ಸುಮಾರು 6 ಲಕ್ಷ ಇಟಾಲಿಯನ್ನರು ರಾತ್ರೋರಾತ್ರಿ ಶತ್ರುದೇಶದವರಾದರು. ಹೆಸರು ನೋಂದಾಯಿಸಬೇಕು, ಮನೆಯಲ್ಲಿದ್ದ ಶಾರ್ಟ್‌ವೇವ್ ರೇಡಿಯೊ, ಕ್ಯಾಮೆರಾ ಒಪ್ಪಿಸಬೇಕು. ಮಗ ಅಮೆರಿಕದ ಸೈನ್ಯದಲ್ಲಿ, ಅಮ್ಮ ಶತ್ರು! ಶತ್ರುವಿನ ಭಾಷೆ ಮಾತಾಡಬೇಡಿ, ಅಮೆರಿಕನ್ ಮಾತಾಡಿ ಎಂಬ ಪೋಸ್ಟರ್ ಗೋಡೆಗಳ ಮೇಲೆ ಬಂತು. ಆ ಹಣೆಪಟ್ಟಿಯನ್ನು 1942ರ ಅಕ್ಟೋಬರ್ 12ರಂದು, ಕೊಲಂಬಸ್ ದಿನದಂದೇ ತೆಗೆದರು. ಒಂದು ವರ್ಷವೂ ಆಗಿರಲಿಲ್ಲ. ಆದರೆ ಬೀದಿಯಲ್ಲಿ ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಆಸ್ಟ್ರೇಲಿಯಾದಲ್ಲೂ ಸಾವಿರಾರು ಇಟಾಲಿಯನ್ನರನ್ನು ಬಂಧನ ಶಿಬಿರಗಳಲ್ಲಿ ಇಟ್ಟಿದ್ದರು.

ಗಟ್ಟಿಯಾಗಿ ಉಳಿದುಕೊಂಡ ಕಡೆ ಎಲ್ಲಾದರೂ ಇದೆಯಾ?

ಇದೆ. ಮೆಕ್ಸಿಕೊದ ಪುಯೆಬ್ಲಾ ರಾಜ್ಯದಲ್ಲಿ ಚಿಪಿಲೊ ಎಂಬ ಊರಿದೆ. 1882ರಲ್ಲಿ ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದಿಂದ, ಅದರಲ್ಲೂ ಸೆಗುಸಿನೊ ಎಂಬ ಒಂದೇ ಊರಿನ ಆಸುಪಾಸಿನಿಂದ ಬಂದವರು ಅಲ್ಲಿ ನೆಲೆ ನಿಂತರು. ಮೂರು ತಲೆಮಾರು ದಾಟಿ ಬಹಳ ಕಾಲವಾಯಿತು. ಇವತ್ತಿಗೂ ಅಲ್ಲಿ ಹಸು ಕರೆಯುತ್ತಾ, ಚೀಸ್ ಮಾರುತ್ತಾ ವೆನೆಶಿಯನ್ ನುಡಿಯಲ್ಲೇ ಮಾತಾಡುತ್ತಾರೆ. ಸ್ಪ್ಯಾನಿಷ್ ಎಲ್ಲರಿಗೂ ಬರುತ್ತದೆ.

ಇಟಲಿಯಿಂದ ಮೇಷ್ಟ್ರು ಬಂದು ಕಲಿಸಿದ್ದರಿಂದ ಹೀಗಾಯಿತೇ? ಅಲ್ಲ. ಬಂದವರೆಲ್ಲ ಒಂದೇ ನುಡಿಯವರು. ಒಟ್ಟಿಗೆ ಒಂದೇ ಊರಿನಲ್ಲಿ ಕೂತರು. ಕಸುಬು ಒಂದೇ, ಹೈನುಗಾರಿಕೆ. ಮದುವೆಗಳೂ ಬಹಳ ಕಾಲ ಊರೊಳಗೇ ಆದವು. ಕೊಟ್ಟಿಗೆಯಲ್ಲೂ ಅಂಗಡಿಯಲ್ಲೂ ಇಗರ್ಜಿಯ ಮುಂದೆಯೂ ಒಂದೇ ಮಾತು ನಡೆಯುತ್ತಿತ್ತು. ಮಗುವಿಗೆ ಕಲಿಸಬೇಕೆಂದು ಯಾರೂ ಪ್ರತ್ಯೇಕವಾಗಿ ಕೂರಲಿಲ್ಲ. ಆ ಮಾತು ಬಾರದೆ ಹೊರಗೆ ಆಡಲು ಹೋಗುವಂತೆಯೇ ಇರಲಿಲ್ಲ. 1982ರಲ್ಲಿ ನೂರು ವರ್ಷ ತುಂಬಿದಾಗ ಸೆಗುಸಿನೊಗೂ ಚಿಪಿಲೊಗೂ ಅವಳಿ ಊರುಗಳ ನಂಟು ಬೆಳೆಯಿತು.

ಬ್ರೆಜಿಲ್‌ನ ರಿಯೊ ಗ್ರಾಂಡೆ ಡು ಸುಲ್ ರಾಜ್ಯದ ಬೆಟ್ಟಗಳಲ್ಲಿ, ಕಾಶಿಯಾಸ್ ಡು ಸುಲ್ ಸುತ್ತ, ದ್ರಾಕ್ಷಿ ಬೆಳೆಯುವವರ ನಡುವೆ ಟಾಲಿಯನ್ ಎಂಬ ನುಡಿ ಇದೆ. 1875ರಿಂದ ಬಂದ ಉತ್ತರ ಇಟಲಿಯವರ ನುಡಿಗಳೆಲ್ಲ ಬೆರೆತು ಆದದ್ದು, ವೆನೆಶಿಯನ್ ಪಾಲು ಹೆಚ್ಚು. ಇದಕ್ಕೆ ಬಿದ್ದ ಏಟು ದೊಡ್ಡದು. ಗೆಟುಲಿಯೊ ವರ್ಗಾಸ್ ಸರ್ಕಾರ 1930ರ ದಶಕದ ಕೊನೆಗೆ ಶಾಲೆಗಳಲ್ಲಿ ವಿದೇಶಿ ಭಾಷೆಗಳಿಗೆ ಕಡಿವಾಣ ಹಾಕಿತು. ಯುದ್ಧ ಬಂದಾಗ ಬಯಲಲ್ಲಿ ಮಾತಾಡುವುದೂ ಅಪರಾಧವಾಯಿತು. ಪೋರ್ಚುಗೀಸ್ ಬಾರದ ಮುದುಕರು ಸಂತೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಆದರೂ ಹೊಲ ಮನೆಗಳಲ್ಲಿ ಅದು ಬದುಕಿತು. ಸೆರಫೀನಾ ಕೊರೆಯಾ ಎಂಬ ಪಟ್ಟಣ 2009ರಲ್ಲಿ ಅದನ್ನು ಪೋರ್ಚುಗೀಸ್ ಜೊತೆಗೆ ಅಧಿಕೃತ ಭಾಷೆ ಮಾಡಿಕೊಂಡಿತು. 2014ರಲ್ಲಿ ಬ್ರೆಜಿಲ್ ಸರ್ಕಾರವೇ ಅದನ್ನು ದೇಶದ ಸಾಂಸ್ಕೃತಿಕ ಆಸ್ತಿಯೆಂದು ಗುರುತಿಸಿತು.

ಗಮನಿಸಿ: ಎರಡೂ ಕಡೆ ಉಳಿದದ್ದು ಇಟಾಲಿಯನ್ ಅಲ್ಲ, ಊರಿನ ನುಡಿ.

ನಗರಗಳಲ್ಲಿ ಉಳಿಯುವುದೇ ಇಲ್ಲವೇ?

ಮಾಂಟ್ರಿಯಲ್ ನೋಡಿ. ಟೊರಾಂಟೊದಲ್ಲಿ ಇಟಲಿ ಮೂಲದವರು ಜಾಸ್ತಿ, ಆದರೆ ಭಾಷೆ ಚೆನ್ನಾಗಿ ಉಳಿದದ್ದು ಮಾಂಟ್ರಿಯಲ್‌ನಲ್ಲಿ. ಅಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಒಂದಕ್ಕೊಂದು ಹಗ್ಗಜಗ್ಗಾಟ ನಡೆಸುತ್ತವೆ. ಎರಡರಲ್ಲಿ ಒಂದು ಪೂರ್ತಿ ಗೆದ್ದು ಮನೆಯೊಳಗೆ ಬಂದು ಕೂರಲಿಲ್ಲ. ಸೇಂಟ್ ಲಿಯೊನಾರ್ಡ್ ಬಡಾವಣೆಯಲ್ಲಿ 1968ರಲ್ಲಿ ಮಕ್ಕಳು ಯಾವ ಭಾಷೆಯ ಶಾಲೆಗೆ ಹೋಗಬೇಕು ಎಂದು ದೊಡ್ಡ ಗಲಾಟೆಯೇ ಆಯಿತು. ಇಟಲಿಯ ಪೋಷಕರಿಗೆ ಇಂಗ್ಲಿಷ್ ಬೇಕಿತ್ತು, ಶಾಲಾ ಮಂಡಳಿ ಫ್ರೆಂಚ್ ಅಂದಿತು. 1977ರ ಭಾಷಾ ಕಾನೂನು ಬಂದ ಮೇಲೆ ಹೊಸದಾಗಿ ಬಂದವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕಾಯಿತು. ಈ ಜಗಳದ ನಡುವೆ ಅಲ್ಲಿನ ಹುಡುಗರು ಮೂರು ಭಾಷೆ ಕಲಿತರು.

ಸ್ವಿಟ್ಜರ್ಲೆಂಡ್‌ನ ಕಥೆ ಇನ್ನೂ ಮಜವಾಗಿದೆ. ಯುದ್ಧದ ನಂತರ ಜರ್ಮನ್ ಮಾತಾಡುವ ಊರುಗಳ ಕಟ್ಟಡ ಕೆಲಸಕ್ಕೆ ಇಟಲಿಯವರು ಮೊದಲು ಬಂದರು. ಹಿಂದೆಯೇ ಬಂದ ಸ್ಪೇನ್, ಪೋರ್ಚುಗಲ್‌ನ ಕೆಲಸಗಾರರು ಕಲಿತದ್ದು ಜರ್ಮನ್ ಅಲ್ಲ, ಇಟಾಲಿಯನ್! ಮೇಸ್ತ್ರಿಗೂ ಅದೇ ಬೇಕಾಗಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಭಾಷೆಯ ಮೇಲಿನ ಅಭಿಮಾನಕ್ಕಿಂತ ಇಂಥ ದಿನನಿತ್ಯದ ಅಗತ್ಯವೇ ಜಾಸ್ತಿ ಕೆಲಸ ಮಾಡಿದೆ. ಇಟಲಿ ಮೂಲದವರು ತುಂಬಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಅಭಿಮಾನಕ್ಕೆ ಯಾವತ್ತೂ ಕೊರತೆ ಇರಲಿಲ್ಲ, ಆದರೂ ಭಾಷೆ ಉಳಿಯಲಿಲ್ಲ.

ಅರ್ಜೆಂಟೀನಾದಲ್ಲಿ ಅಷ್ಟೊಂದು ಇಟಾಲಿಯನ್ನರಿದ್ದೂ ಯಾಕೆ ಉಳಿಯಲಿಲ್ಲ?

ಸ್ಪ್ಯಾನಿಷ್ ತೀರಾ ಹತ್ತಿರದ ಭಾಷೆ. ಇಟಲಿಯ ನುಡಿಗಳಿಂದ ಅದಕ್ಕೆ ಜಾರುವುದು ಬಹಳ ಸುಲಭ. ನಡುವೆ ಕೊಕೊಲಿಚೆ ಎಂಬ ಬೆರಕೆ ಮಾತು ಹುಟ್ಟಿತು. ನಾಟಕದವರು ಅದನ್ನು ಅಣಕಿಸಿ ಜನರನ್ನು ನಗಿಸಿದರು. ವಲಸೆ ಬಂದವರ ಮಕ್ಕಳ ಕಾಲಕ್ಕೆ ಅದು ಹೋಯಿತು. ಆದರೆ ಬ್ಯೂನಸ್ ಐರಿಸ್‌ನ ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಬೀಳ್ಕೊಡಲು ಚಾವ್, ಕೆಲಸಕ್ಕೆ ಲಬುರೊ, ಅಜ್ಜನಿಗೆ ನೊನೊ ಅನ್ನುತ್ತಾರೆ. ಅವರ ರಾಗದಲ್ಲೂ ನೇಪಲ್ಸ್ ಕೇಳಿಸುತ್ತದೆ.

ಅಮೆರಿಕದ ಇಟಾಲಿಯನ್ನರು ಗಬಗೂಲ್ ಅನ್ನುತ್ತಾರಲ್ಲ, ಅದು ತಪ್ಪು ಉಚ್ಚಾರಣೆಯೇ?

ಅಲ್ಲ. ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ ಕಾಪಿಕೊಲ್ಲೊ. ದಕ್ಷಿಣದ ನುಡಿಗಳಲ್ಲಿ ಕ ಎಂಬುದು ಗ ಕಡೆಗೆ, ಪ ಎಂಬುದು ಬ ಕಡೆಗೆ ವಾಲುತ್ತದೆ, ಕೊನೆಯ ಸ್ವರ ನುಂಗಿ ಹೋಗುತ್ತದೆ. ಅಲ್ಲಿಗೆ ಗಬಗೂಲ್. ಹಾಗೆಯೇ ರಿಕೊತ್ತಾ ಚೀಸ್ ರಿಗೊತ್ ಆಯಿತು. ನೂರು ವರ್ಷ ಹಿಂದಿನ ಅಜ್ಜಂದಿರ ಉಚ್ಚಾರಣೆ ಅಂಗಡಿ ಕಟ್ಟೆಯ ಮೇಲೆ ಉಳಿದುಕೊಂಡಿದೆ ಅಷ್ಟೇ. ರೋಮ್‌ನಿಂದ ಬಂದವರು ಇದನ್ನು ಕೇಳಿ ನಕ್ಕರೆ ಅವರಿಗೆ ದಕ್ಷಿಣ ಗೊತ್ತಿಲ್ಲ ಎಂದರ್ಥ.

ಇಂಗ್ಲಿಷ್ ಬೆರೆಸಿ ಮಾತಾಡುವುದರಿಂದ ಭಾಷೆ ಕೆಡುವುದಿಲ್ಲವೇ?

ವಲಸಿಗರು ಪದ ಬೆರೆಸಿದ್ದು ಸೋಮಾರಿತನದಿಂದಲ್ಲ. ಕಲಾಬ್ರಿಯಾದ ಹಳ್ಳಿಯಲ್ಲಿ ಕಾರ್ಖಾನೆ ಇರಲಿಲ್ಲ. ಟೊರಾಂಟೊದಲ್ಲಿ ಕೆಲಸ ಸಿಕ್ಕಿದ್ದು ಫ್ಯಾಕ್ಟರಿಯಲ್ಲಿ, ಅದನ್ನು ಫತ್ತೊರಿಯಾ ಅಂದರು. ಇಟಲಿಯಲ್ಲಿ ಆ ಪದಕ್ಕೆ ಹೊಲಮನೆ ಎಂಬ ಅರ್ಥ. ಜಾಬ್ ಎಂಬುದು ಜೊಬ್ಬಾ ಆಯಿತು, ಫೆನ್ಸ್ ಫೆನ್ಸಾ ಆಯಿತು. ಅಮೆರಿಕದ ಹಿತ್ತಿಲ ಪಾಯಿಖಾನೆ, ಅಂದರೆ ಬ್ಯಾಕ್ ಹೌಸ್, ಬಕ್ಕೌಸು ಆಯಿತು. ಊರಿಗೆ ಮರಳಿದವರು ಇದನ್ನು ಸಿಸಿಲಿಗೂ ಒಯ್ದರು, ಅಲ್ಲೂ ಬಳಕೆಗೆ ಬಂತು. ಕೆನಡಾದ ಈ ಬೆರಕೆಗೆ ಇಟಾಲಿಯೇಸೆ ಎಂಬ ಹೆಸರೇ ಬಿದ್ದಿದೆ.

ಬೇರೆ ಬೇರೆ ಹಳ್ಳಿಯವರು ಒಂದೇ ಫ್ಯಾಕ್ಟರಿಯಲ್ಲಿ ಮಾತಾಡಲು ಇದೇ ಮಾತು ಒದಗಿತು. ಕೆಟ್ಟಿತು ಅನ್ನುವುದಾದರೆ, ಹಾಗೆ ಕೆಟ್ಟ ಭಾಷೆಯನ್ನೇ ಜನ ಸಾಯುವವರೆಗೂ ಮಾತಾಡಿದರು.

ಮೊಮ್ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ, ಆದರೆ ಮಾತಾಡುವುದಿಲ್ಲ. ಯಾಕೆ?

ನಮ್ಮ ಪಕ್ಕದ ಮನೆಯಲ್ಲಿ ಇದನ್ನು ಕಣ್ಣಾರೆ ನೋಡುತ್ತೇನೆ. ಇಲ್ಲಿ ಬೇಸಿಗೆ ಮುಗಿಯುವುದು ಫೆಬ್ರವರಿಗೆ. ಆಗ ಟೊಮೆಟೊ ಸಾಸ್ ಮಾಡುವ ದಿನ ಬರುತ್ತದೆ. ಗ್ಯಾರೇಜಿನ ತುಂಬ ಟೊಮೆಟೊ ಪೆಟ್ಟಿಗೆ. ತೊಳೆದು ಒಣಗಿಸಿದ ಹಳೆಯ ಬಿಯರ್ ಬಾಟಲಿಗಳು ಸಾಲಾಗಿ. ಒಬ್ಬರು ಟೊಮೆಟೊ ಹೆಚ್ಚುವುದು, ಒಬ್ಬರು ಯಂತ್ರಕ್ಕೆ ಹಾಕಿ ರಸ ತೆಗೆಯುವುದು, ಒಬ್ಬರು ಪ್ರತಿ ಬಾಟಲಿಗೂ ಒಂದು ಕಾಮಕಸ್ತೂರಿ ಎಲೆ ತುರುಕುವುದು. ಕೊನೆಗೆ ಎಲ್ಲವನ್ನೂ ಗೋಣಿತಾಟಿನ ನಡುವೆ ಜೋಡಿಸಿ, ದೊಡ್ಡ ಡ್ರಮ್ಮಿನಲ್ಲಿ ಕಟ್ಟಿಗೆ ಉರಿಯ ಮೇಲೆ ಕುದಿಸುತ್ತಾರೆ.

ಅಜ್ಜಿ ಕುರ್ಚಿಯಲ್ಲಿ ಕೂತು ಕಲಾಬ್ರಿಯಾದ ಮಾತಿನಲ್ಲಿ ಆರ್ಡರ್ ಕೊಡುತ್ತಿರುತ್ತಾರೆ. ಹದಿನಾರರ ಮೊಮ್ಮಗ ಒಂದೂ ತಪ್ಪದೆ ಮಾಡುತ್ತಾನೆ. ಮುಚ್ಚಳ ತಾ ಅಂದರೆ ಮುಚ್ಚಳ, ಉರಿ ಕಡಿಮೆ ಮಾಡು ಅಂದರೆ ಕಟ್ಟಿಗೆ ಹೊರಗೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ: ಓಕೆ ನೊನ್ನ. ಯಂತ್ರ ಸಿಕ್ಕಿಕೊಂಡು ರಸ ಮುಖಕ್ಕೆ ಹಾರಿದಾಗ ಅವನ ಬಾಯಿಂದ ಬಂದ ಬೈಗುಳ ಮಾತ್ರ ಅಚ್ಚ ಕಲಾಬ್ರಿಯಾದ್ದು. ಅಜ್ಜಿ ಕಣ್ಣು ಬಿಟ್ಟರು, ಉಳಿದವರು ಬಿದ್ದು ಬಿದ್ದು ನಕ್ಕರು.

ಅವನನ್ನು ಆಮೇಲೆ ಕೇಳಿದೆ, ಇಷ್ಟು ಗೊತ್ತಿದ್ದೂ ಯಾಕಪ್ಪಾ ಮಾತಾಡಲ್ಲ? ನಾನು ಬಾಯಿ ತೆಗೆದರೆ ಚಿಕ್ಕಪ್ಪ ಚಿಕ್ಕಮ್ಮಂದಿರೆಲ್ಲ ನಗುತ್ತಾರೆ ಆಂಟಿ, ಅಂದ.

ಕಾರಣ ಅದೇ. ಕೇಳಿಸಿಕೊಳ್ಳುವುದರಲ್ಲಿ ತಪ್ಪಾಗುವುದಿಲ್ಲ, ಮಾತಾಡಿದರೆ ತಪ್ಪಾಗುತ್ತದೆ. ಅಜ್ಜಿಗೆ ಇಂಗ್ಲಿಷ್ ಅರ್ಥವಾಗುತ್ತದೆ ಎಂಬುದು ಅವನಿಗೂ ಗೊತ್ತು. ಮಾತಾಡಲೇಬೇಕು ಎಂಬ ಒತ್ತಾಯ ಇಲ್ಲ, ಮಾತಾಡಿದರೆ ನಗು ಗ್ಯಾರಂಟಿ. ನಗುವುದನ್ನು ನಿಲ್ಲಿಸಿದ ಮನೆಗಳಲ್ಲಿ ಮಕ್ಕಳು ಬಾಯಿ ಬಿಡುವುದನ್ನೂ ನೋಡಿದ್ದೇನೆ.

ಅಪ್ಪನದು ಒಂದು ಭಾಷೆ, ಅಮ್ಮನದು ಇನ್ನೊಂದು. ಈ ಪದ್ಧತಿ ಕೆಲಸ ಮಾಡುತ್ತದೆಯೇ?

ಇದು ಹಳೆಯ ಸಲಹೆ. ಫ್ರೆಂಚ್ ಭಾಷಾತಜ್ಞ ಜೂಲ್ಸ್ ರೊಂಜಾ ತಮ್ಮ ಮಗನನ್ನು ಹೀಗೆ ಫ್ರೆಂಚ್ ಮತ್ತು ಜರ್ಮನ್‌ನಲ್ಲಿ ಬೆಳೆಸಿ 1913ರಲ್ಲಿ ಅದರ ಬಗ್ಗೆ ಬರೆದರು. ಒಳ್ಳೆಯದೇ, ಆದರೆ ಇದೊಂದೇ ಸಾಲದು. ಆನಿಕ್ ದೆ ಹೌವರ್ ಎಂಬ ಭಾಷಾ ಸಂಶೋಧಕಿ ಬೆಲ್ಜಿಯಂನ ಸುಮಾರು 1,900 ಕುಟುಂಬಗಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದರು. ಅವು ಬೇರೆ ಬೇರೆ ಭಾಷೆಗಳ ಮನೆಗಳು. ಒಬ್ಬರಿಗೊಂದು ಭಾಷೆ ಎಂದು ಹಂಚಿಕೊಂಡ ಮನೆಗಳಲ್ಲಿ ನಾಲ್ಕರಲ್ಲಿ ಮೂರು ಕಡೆ ಮಾತ್ರ ಮನೆಮಾತನ್ನು ಮಕ್ಕಳು ಆಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಮನೆಮಾತನ್ನೇ ಆಡಿದ ಕಡೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಮಕ್ಕಳಿಗೆ ಅದು ಬಂದಿತ್ತು. ಒಬ್ಬರಿಗೆ ಮಾತ್ರ ಇಟಾಲಿಯನ್ ಬರುವ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಬಂದು ಇದ್ದರೆ ತಕ್ಕಡಿ ಆ ಕಡೆ ವಾಲುತ್ತದೆ.

ಎರಡು ಭಾಷೆಯಾದರೆ ಮಗುವಿಗೆ ಮಾತು ತಡವಾಗುವುದಿಲ್ಲವೇ?

ಇಲ್ಲ. ಒಂದು ಕಾಲದಲ್ಲಿ ಶಾಲೆಯವರೂ ಡಾಕ್ಟರೂ ಹಾಗೆ ಹೆದರಿಸುತ್ತಿದ್ದರು. ಎಷ್ಟೋ ಮನೆಗಳಲ್ಲಿ ಭಾಷೆ ನಿಂತದ್ದು ಆ ಒಂದು ಮಾತಿನಿಂದ. ಮಗುವಿಗೆ ನಿಜವಾಗಿ ಮಾತು ತಡವಾಗುತ್ತಿದ್ದರೆ ತಜ್ಞರಿಗೆ ತೋರಿಸಿ, ಎರಡನೇ ಭಾಷೆಯನ್ನು ದೂರಬೇಡಿ.

ಇಟಾಲಿಯನ್ ಕ್ಲಾಸುಗಳಿಂದ ಉಪಯೋಗ ಇದೆಯಾ?

ಇದೆ, ಆದರೆ ಅವು ಮನೆಮಾತನ್ನು ಉಳಿಸುವುದಿಲ್ಲ, ಹೊಸ ಭಾಷೆ ಕಲಿಸುತ್ತವೆ. ವಲಸಿಗರ ಮಕ್ಕಳ ಭಾಷಾ ತರಗತಿಗಳಿಗೆ ಹಣ ಕೊಡಲು ಇಟಲಿ 1971ರಲ್ಲಿ ಕಾನೂನು ಮಾಡಿತು. ದಾಂತೆ ಅಲಿಘಿಯೆರಿ ಸೊಸೈಟಿ 1889ರಿಂದಲೇ ಇದೆ. ಆಸ್ಟ್ರೇಲಿಯಾದಲ್ಲಿ ಇಟಾಲಿಯನ್ ಶಾಲೆಗಳಲ್ಲೇ ಸಿಗುತ್ತದೆ. ವಿಯೆಟ್ನಾಂ, ಗ್ರೀಸ್, ಭಾರತದ ಮೂಲದ ಮಕ್ಕಳೂ ಕಲಿಯುತ್ತಾರೆ. ನಮ್ಮ ಮನೆಯ ಹುಡುಗಿಗೇ ಒಂದರಿಂದ ಇಪ್ಪತ್ತು ಇಟಾಲಿಯನ್‌ನಲ್ಲಿ ಎಣಿಸಲು ಬರುತ್ತದೆ. ಕನ್ನಡದಲ್ಲಿ ಹನ್ನೆರಡಾದ ಮೇಲೆ ತಡವರಿಸುತ್ತಾಳೆ, ಅದು ಬೇರೆ ಕಥೆ.

ಅಮೆರಿಕದಲ್ಲಿ ಕಾಲೇಜು ಮಟ್ಟದ ಎಪಿ ಇಟಾಲಿಯನ್ ಪರೀಕ್ಷೆ 2006ರಲ್ಲಿ ಶುರುವಾಯಿತು, ಬರೆಯುವವರು ಸಾಲದೆ 2009ರ ನಂತರ ನಿಂತಿತು. ಇಟಲಿ ಸರ್ಕಾರ, ಇಟಾಲಿಯನ್ ಅಮೆರಿಕನ್ ಸಂಘಗಳು ಹಣ ಕೂಡಿಸಿದ ಮೇಲೆ 2012ರಲ್ಲಿ ಮತ್ತೆ ಬಂತು.

ಅಜ್ಜನ ಊರಿಗೆ ಹೋದರೆ ಅಜ್ಜನಿಂದ ಕಲಿತದ್ದು ನಡೆಯುತ್ತಾ?

ನಡೆಯುತ್ತದೆ, ಸ್ವಲ್ಪ ತಮಾಷೆಯಾಗಿ. ಅಜ್ಜ ಊರು ಬಿಟ್ಟದ್ದು 1950ರ ದಶಕದಲ್ಲಿ. ಅವರ ಮಾತು ಅಲ್ಲಿಗೇ ನಿಂತಿತು. ಊರಿನಲ್ಲಿ ಟಿವಿ ಬಂತು, ಶಾಲೆ ಬಂತು, ಮಾತು ಇಟಾಲಿಯನ್ ಕಡೆಗೆ ಸರಿಯಿತು. ಮೊಮ್ಮಗ ಹೋಗಿ ಬಾಯಿ ಬಿಟ್ಟರೆ ಅಲ್ಲಿನ ಯುವಕರು ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಬತ್ತು ದಾಟಿದ ಅಜ್ಜಿಯಂದಿರು ಮಾತ್ರ ಎದ್ದು ಬಂದು ಕೈ ಹಿಡಿದುಕೊಳ್ಳುತ್ತಾರೆ. ಸಿಸಿಲಿಯನ್, ನಿಯಾಪೊಲಿಟನ್ ಎರಡನ್ನೂ ಯುನೆಸ್ಕೊ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ.

ದೊಡ್ಡವರಾದ ಮೇಲೆ ಕಲಿಯುವುದಾದರೆ ಯಾವುದನ್ನು? ಇಟಾಲಿಯನ್ನೋ ಅಜ್ಜಿಯ ನುಡಿಯೋ?

ಇಟಾಲಿಯನ್‌ಗೆ ಪುಸ್ತಕ ಇದೆ, ಆಪ್ ಇದೆ, ಕ್ಲಾಸ್ ಇದೆ. ನಾಳೆ ಕಲಿತರೂ ಆಗುತ್ತದೆ. ಅಜ್ಜಿಯ ನುಡಿಗೆ ಇರುವುದು ಅಜ್ಜಿ ಒಬ್ಬರೇ. ಹಾಗಾಗಿ ಮೊದಲು ಅಲ್ಲಿ ಶುರು ಮಾಡಿ. ಫೋನ್ ಪಕ್ಕಕ್ಕಿಟ್ಟು ರೆಕಾರ್ಡ್ ಮಾಡಿ. ಈ ಪದಕ್ಕೆ ಏನನ್ನುತ್ತೀರಿ ಎಂದು ಕೇಳಿದರೆ ಅಜ್ಜಿ ಒಳ್ಳೆಯ ಇಟಾಲಿಯನ್ ಹೇಳಲು ಹೋಗುತ್ತಾರೆ. ಅದರ ಬದಲು ಹಡಗಿನಲ್ಲಿ ಊಟ ಹೇಗಿತ್ತು, ಹಂದಿ ಕೊಯ್ಯುವ ದಿನ ಯಾರು ಯಾರು ಬರುತ್ತಿದ್ದರು ಎಂದು ಕೇಳಿ. ಹದಿನೈದು ನಿಮಿಷದಲ್ಲಿ ಅವರು ತಮ್ಮ ಮಾತಿಗೆ ಇಳಿಯುತ್ತಾರೆ. ಅವರದೇ ಊರಿನ ಗೆಳತಿ ಬಂದಾಗ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು.

ಕನ್ನಡದ ಮನೆಗಳಿಗೂ ಇದೇ ಗತಿಯಾ?

ಒಂದು ವಿಷಯದಲ್ಲಿ ನಮಗೆ ಅನುಕೂಲವಿದೆ. ಈಗ ಹೊರದೇಶಕ್ಕೆ ಬರುವ ಕನ್ನಡಿಗರಲ್ಲಿ ಬಹುಪಾಲು ಜನರಿಗೆ ಓದು ಬರಹ ಗೊತ್ತು, ಊರಿಗೆ ದಿನಾ ವಿಡಿಯೊ ಕಾಲ್ ಇದೆ. ಆ ಕಾಲದ ಇಟಲಿಯವರಲ್ಲಿ ಎಷ್ಟೋ ಜನರಿಗೆ ಕಾಗದ ಬರೆಯಲೂ ಇನ್ನೊಬ್ಬರು ಬೇಕಿತ್ತು. ಆದರೆ ನಮ್ಮಲ್ಲಿ ಇಂಗ್ಲಿಷ್ ಹಡಗು ಇಳಿದ ಮೇಲೆ ಶುರುವಾಗುವುದಿಲ್ಲ. ಬೆಂಗಳೂರಿನ ಎಲ್‌ಕೆಜಿಯಲ್ಲೇ ಶುರುವಾಗಿರುತ್ತದೆ.

ಇಟಲಿಯ ಪೌರತ್ವ ಪಡೆಯಲು ಭಾಷೆ ಬರಬೇಕಾ?

ಯಾವ ದಾರಿಯಿಂದ ಹೋಗುತ್ತೀರಿ ಎಂಬುದರ ಮೇಲೆ ನಿಂತಿದೆ. ಮದುವೆಯ ಮೂಲಕ ಅಥವಾ ಅಲ್ಲಿ ವಾಸವಿದ್ದು ಅರ್ಜಿ ಹಾಕುವವರು 2018ರ ಡಿಸೆಂಬರಿನಿಂದ ಬಿ1 ಮಟ್ಟದ, ಅಂದರೆ ಮಧ್ಯಮ ಹಂತದ, ಇಟಾಲಿಯನ್ ಬರುತ್ತದೆ ಎಂದು ತೋರಿಸಬೇಕು. ವಂಶದ ಮೂಲಕ ಹೋಗುವವರಿಗೆ ಆ ಷರತ್ತಿಲ್ಲ. ಮುತ್ತಜ್ಜನ ಜನನ ಪತ್ರ ಸಿಕ್ಕರೆ ಸಾಕು, ಒಂದು ಪದ ಬಾರದಿದ್ದರೂ ಪಾಸ್‌ಪೋರ್ಟ್ ಸಿಗುತ್ತಿತ್ತು. 2025ರಲ್ಲಿ ಇದನ್ನು ಬಿಗಿ ಮಾಡಿದರು. ಈಗ ಸಾಮಾನ್ಯವಾಗಿ ಅಪ್ಪ ಅಮ್ಮ ಅಥವಾ ಅಜ್ಜ ಅಜ್ಜಿಯವರೆಗಿನ ನಂಟು ಬೇಕು. ಬ್ರೆಜಿಲ್, ಅರ್ಜೆಂಟೀನಾದಲ್ಲಿ ಕಾಗದಪತ್ರ ಹಿಡಿದು ಕಾಯುತ್ತಿದ್ದ ಎಷ್ಟೋ ಜನರಿಗೆ ಇದು ದೊಡ್ಡ ಪೆಟ್ಟು.

ಇದರ ಇನ್ನೊಂದು ಮುಖ ಇಟಲಿಯೊಳಗೇ ಇದೆ. ಉತ್ತರದ ಪೋ ನದಿಯ ಬಯಲಿನಲ್ಲಿ, ಪಾರ್ಮೆಸಾನ್ ಚೀಸ್‌ಗೆ ಹಾಲು ಕೊಡುವ ಹಸುಗಳನ್ನು ನೋಡಿಕೊಳ್ಳುವವರಲ್ಲಿ ಪಂಜಾಬಿನವರು ತುಂಬ ಜನ. ನೊವೆಲ್ಲಾರಾ ಎಂಬ ಊರಿನಲ್ಲಿ 2000ದಲ್ಲೇ ದೊಡ್ಡ ಗುರುದ್ವಾರ ಬಂತು. ಅವರ ಮಕ್ಕಳು ಅಲ್ಲಿನ ಶಾಲೆಗೇ ಹೋಗುತ್ತಾರೆ, ಗೆಳೆಯರ ಜೊತೆ ಇಟಾಲಿಯನ್, ಅಮ್ಮನ ಜೊತೆ ಪಂಜಾಬಿ, ತಮ್ಮ ತಂಗಿಯರ ಜೊತೆ ಮತ್ತೆ ಇಟಾಲಿಯನ್. ಅಪ್ಪ ಅಮ್ಮ ಅಷ್ಟರೊಳಗೆ ಇಟಲಿಯ ಪೌರರಾಗಿದ್ದರೆ ಸರಿ. ಇಲ್ಲದಿದ್ದರೆ 1992ರ ಕಾನೂನಿನ ಪ್ರಕಾರ, ಇಟಲಿಯಲ್ಲೇ ಹುಟ್ಟಿ ಅಲ್ಲೇ ಬೆಳೆದ ಆ ಮಕ್ಕಳು ಪೌರತ್ವ ಕೇಳಬೇಕಾದರೆ ಹದಿನೆಂಟು ತುಂಬುವವರೆಗೆ ಕಾಯಬೇಕು.